ಬಾಂಡಿಂಗ್ ಆದಮೇಲೆ ತಾನಾಗಿಯೇ ಒತ್ತಿಕೊಂಡ ಟಚ್ ಸ್ಕ್ರೀನ್: ನನ್ನ ಅನುಭವ

ಕಾರ್ಖಾನೆಯ ಮೆಷಿನ್‌ಗಳಿಗೆ ಕೂರಿಸುವ 7 ಇಂಚಿನ ಕಂಟ್ರೋಲ್ ಪ್ಯಾನಲ್ ನಮ್ಮದು. ಕೆಳಗೆ 800×480ರ ಟಿಎನ್ ಎಂಬ ಬಗೆಯ ಎಲ್‌ಸಿಡಿ, ಮೇಲೆ ಕೆಪಾಸಿಟಿವ್ ಟಚ್ (ಬೆರಳು ಬಂದಾಗ ಕೆಪಾಸಿಟನ್ಸ್ ಬದಲಾಗುವುದನ್ನು ಅಳೆಯುವಂಥದ್ದು) ಇರುವ ಗಾಜು. ಹಳೆಯ ಮಾಡೆಲ್‌ನಲ್ಲಿ ಇವೆರಡರ ನಡುವೆ ಅರ್ಧ ಮಿಲಿಮೀಟರ್ ಗಾಳಿ ಇತ್ತು, ಸುತ್ತ ಡಬಲ್ ಸೈಡ್ ಟೇಪ್ ಅಷ್ಟೆ. ಬಿಸಿಲಲ್ಲಿ ಚೆನ್ನಾಗಿ ಕಾಣಲಿ ಅಂತ ಹೊಸ ಮಾಡೆಲ್‌ನಲ್ಲಿ ಆ ಗಾಳಿ ತೆಗೆದು 0.2 ಮಿ.ಮೀ. ಪಾರದರ್ಶಕ ಅಂಟಿನಿಂದ ಬಾಂಡ್ ಮಾಡಿದೆವು. ಚಿತ್ರ ನಿಜಕ್ಕೂ ಚೆನ್ನಾಗಿ ಬಂತು. ಆದರೆ ಸೆಟ್ಟಿಂಗ್ಸ್ ಪೇಜ್ ತೆರೆದರೆ ಸಾಕು, ಯಾರೂ ಮುಟ್ಟದೆ ಬಟನ್‌ಗಳು ಒತ್ತಿಕೊಳ್ಳುತ್ತಿದ್ದವು. ಬೇರೆ ಪೇಜ್‌ಗಳಲ್ಲಿ ಈ ಕಾಟ ಇಲ್ಲ.

ಇಂಥದ್ದು ಕಂಡಾಗ ಎಲ್ಲರೂ ಮೊದಲು ಬೈಯುವುದು ಪವರ್ ಸಪ್ಲೈಯನ್ನು. ಆದರೆ ಸಪ್ಲೈ ಅಥವಾ ಚಾರ್ಜರ್‌ನಿಂದ ಬರುವ ನಾಯ್ಸ್ ಸಾಮಾನ್ಯವಾಗಿ ಬೆರಳು ಇಟ್ಟಾಗ ಕಾಣಿಸುತ್ತದೆ, ಅದೂ ಆ ಬೆರಳಿನ ಕೆಳಗಿನ ಟಚ್ ಸೆನ್ಸರ್ ಲೈನ್‌ನಲ್ಲಿ. ಡಿಸ್‌ಪ್ಲೇ ನಾಯ್ಸ್‌ಗೆ ಬೆರಳೇ ಬೇಕಿಲ್ಲ. ಹಾಗಾಗಿ ಯಾರೂ ಮುಟ್ಟದಿದ್ದಾಗಿನ ರಾ ಡೇಟಾ, ಅಂದರೆ ಟಚ್ ಸೆನ್ಸರ್ ಅಳೆದ ಕಚ್ಚಾ ಸಂಖ್ಯೆಗಳನ್ನು, ತೆಗೆದು ನೋಡಿದೆ. ಇಡೀ ಸಾಲು ಸಾಲೇ ಒಟ್ಟಿಗೆ ಕುಣಿಯುತ್ತಿತ್ತು. ಬ್ಯಾಟರಿಯಲ್ಲಿ ಓಡಿಸಿದರೂ ಅದೇ ಕಥೆ, ಬ್ಯಾಕ್‌ಲೈಟ್ ಆರಿಸಿದರೂ ಅದೇ. ಎಲ್‌ಸಿಡಿಯನ್ನು ರಿಸೆಟ್‌ನಲ್ಲಿ ಹಿಡಿದಿಟ್ಟಾಗ ಮಾತ್ರ ಶಾಂತ. ಇಲ್ಲಿ ಒಂದು ಮಾತು: ಡಿಸ್‌ಪ್ಲೇ ಆಫ್ ಮಾಡುವುದಕ್ಕೂ ಕಪ್ಪು ಚಿತ್ರ ಕಳಿಸುವುದಕ್ಕೂ ವ್ಯತ್ಯಾಸ ಇದೆ. ಮಾಮೂಲಿ ಟಿಎನ್ ಪ್ಯಾನಲ್‌ನಲ್ಲಿ ಕಪ್ಪು ಬಣ್ಣಕ್ಕೇ ಅತಿ ಜಾಸ್ತಿ ವೋಲ್ಟೇಜ್ ಬೇಕು, ಅದು ಸುಮ್ನಿರುವ ಸ್ಥಿತಿ ಅಲ್ಲವೇ ಅಲ್ಲ.

ನಾಯ್ಸ್‌ನ ಆಕಾರ ನೋಡಲು ಗಾಜಿನ ಮೇಲೆ ಒಂದು ತುಂಡು ತಾಮ್ರದ ಟೇಪ್ ಅಂಟಿಸಿ, ಅದಕ್ಕೆ ಆಸಿಲೋಸ್ಕೋಪ್ ಪ್ರೋಬ್ ಹಾಕಿ, ಎಚ್‌ಸಿಂಕ್ (ಚಿತ್ರದ ಪ್ರತಿ ಲೈನ್ ಶುರುವಾಗುವುದನ್ನು ಡಿಸ್‌ಪ್ಲೇಗೆ ಹೇಳುವ) ಸಿಗ್ನಲ್‌ನಿಂದ ಟ್ರಿಗರ್ ಮಾಡಿದೆ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಟೆಸ್ಟ್ ಇನ್ನೊಂದಿಲ್ಲ. ಪ್ರತಿ ಲೈನ್ ಶುರುವಾದಾಗ ಒಂದು ಚೂಪಾದ ಜಿಗಿತ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಒಂದು ಲೈನ್‌ನಲ್ಲಿ ಮೇಲಕ್ಕೆ, ಮುಂದಿನದರಲ್ಲಿ ಕೆಳಕ್ಕೆ.

ಅದು ವಿಕಾಮ್, ಅಂದರೆ ಎಲ್ಲ ಪಿಕ್ಸೆಲ್‌ಗಳಿಗೂ ಸಾಮಾನ್ಯವಾದ ಎಲೆಕ್ಟ್ರೋಡ್. ಟಿಎನ್‌ನಲ್ಲಿ ಇದು ಮೇಲಿನ ಗಾಜಿನಲ್ಲಿರುತ್ತದೆ, ಟಚ್‌ಗೆ ತೀರಾ ಹತ್ತಿರ. ಲಿಕ್ವಿಡ್ ಕ್ರಿಸ್ಟಲ್‌ಗೆ ಸದಾ ಒಂದೇ ದಿಕ್ಕಿನ ವೋಲ್ಟೇಜ್ ಕೊಟ್ಟರೆ ಹಾಳಾಗುತ್ತದೆ, ಅದಕ್ಕೇ ದಿಕ್ಕು ಬದಲಿಸುತ್ತಾ ಇರುತ್ತಾರೆ. ನಮ್ಮ ಪ್ಯಾನಲ್‌ನಲ್ಲಿ ಅಕ್ಕಪಕ್ಕದ ಸಬ್‌ಪಿಕ್ಸೆಲ್‌ಗಳಿಗೆ (ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಭಾಗಗಳಿಗೆ) ಪ್ಲಸ್, ಮೈನಸ್, ಪ್ಲಸ್ ಹೀಗೆ. ಸಾಮಾನ್ಯ ಚಿತ್ರದಲ್ಲಿ ಎರಡೂ ಒಂದನ್ನೊಂದು ಹೊಡೆದು ಹಾಕುತ್ತವೆ, ವಿಕಾಮ್ ಹೆಚ್ಚು ಅಲುಗುವುದಿಲ್ಲ. ಆದರೆ ನಮ್ಮ ಸೆಟ್ಟಿಂಗ್ಸ್ ಪೇಜಿನ ಹಿನ್ನೆಲೆಯಲ್ಲಿ ಮೇಲಿಂದ ಕೆಳಕ್ಕೆ ಒಂದೊಂದು ಪಿಕ್ಸೆಲ್ ಅಗಲದ ಉದ್ದ ಪಟ್ಟೆಗಳಿದ್ದವು. ಒಂದು ಪಿಕ್ಸೆಲ್ ಬಿಟ್ಟು ಒಂದು ತೆಗೆದುಕೊಂಡರೆ ಪ್ರತಿ ಪಿಕ್ಸೆಲ್‌ನಲ್ಲೂ ಎರಡು ಪ್ಲಸ್, ಒಂದು ಮೈನಸ್. ಇಡೀ ಸಾಲು ಒಂದೇ ಕಡೆಗೆ ಎಳೆಯಿತು, ಅಲ್ವಾ? ಮುಂದಿನ ಸಾಲು ಉಲ್ಟಾ ಎಳೆಯುತ್ತದೆ. ಸ್ಕೋಪ್‌ನಲ್ಲಿ ಕಂಡದ್ದು ಇದೇ.

ಪಟ್ಟೆ ಮೊದಲೂ ಇತ್ತು, ಗಾಳಿ ಇದ್ದಾಗ ಯಾಕೆ ಸರಿ ಇತ್ತು? ಗಾಳಿಯ ಡೈಎಲೆಕ್ಟ್ರಿಕ್ ಸಂಖ್ಯೆ 1, ಅಂಟಿನದು ಸುಮಾರು 3. ಮೇಲಾಗಿ ದಪ್ಪ 0.5ರಿಂದ 0.2ಕ್ಕೆ ಇಳಿಯಿತು. ಆ ಪದರ ಒಂದನ್ನೇ ಲೆಕ್ಕ ಹಾಕಿದರೆ ಕೆಪಾಸಿಟನ್ಸ್ ಏಳೂವರೆ ಪಟ್ಟು. ನಡುವೆ ಗಾಜು, ಪೋಲರೈಜರ್ ಇರುವುದರಿಂದ ಒಟ್ಟು ಅಷ್ಟು ಆಗುವುದಿಲ್ಲ, ಆದರೂ ಬೆರಳಿನಿಂದ ಬರುವ ಬದಲಾವಣೆಯೇ ಒಂದು ಪಿಕೋಫ್ಯಾರಡ್‌ನ ಚಿಕ್ಕ ಭಾಗ ಆಗಿರುವಾಗ ಇದು ಸಾಕು.

ಪಟ್ಟೆ ತೆಗೆದುಬಿಡೋಣ ಅಂತ ಸ್ಕ್ರೀನ್ ಡಿಸೈನ್ ಮಾಡುವವರು ಹೇಳಿದರು. ಗ್ರಾಹಕರು ತಮ್ಮದೇ ಚಿತ್ರ ಹಾಕಿಕೊಳ್ಳುತ್ತಾರೆ, ಅವರಿಗೆ ಪಟ್ಟೆ ಹಾಕಬೇಡಿ ಅಂತ ಹೇಳಲು ಆಗುತ್ತದೆಯೇ? ಫಿಲ್ಟರ್ ಜಾಸ್ತಿ ಮಾಡುವುದೂ ನನಗೆ ಇಷ್ಟ ಇಲ್ಲ. ನಾಯ್ಸ್ ಕಡಿಮೆ ಆಗುತ್ತದೆ, ಜೊತೆಗೆ ಬೆರಳು ಎಳೆದರೆ ಸ್ಲೈಡರ್ ಹಿಂದೆ ಉಳಿಯುತ್ತದೆ.

ನಿಜವಾಗಿ ಕೆಲಸ ಮಾಡಿದ್ದು ಫ್ರೀಕ್ವೆನ್ಸಿ. ನಮ್ಮ ಪಿಕ್ಸೆಲ್ ಕ್ಲಾಕ್ 33.3 ಮೆಗಾಹರ್ಟ್ಸ್, ಒಂದು ಲೈನ್‌ಗೆ ಒಟ್ಟು 1056 ಕ್ಲಾಕ್. ಅಂದರೆ ಲೈನ್ ರೇಟ್ ಸುಮಾರು 31.5 ಕಿಲೋಹರ್ಟ್ಸ್. ಟಚ್ ಕಂಟ್ರೋಲರ್ (ಸೆನ್ಸರ್ ಓದುವ ಚಿಪ್) ಸ್ಕ್ಯಾನ್ ಮಾಡುತ್ತಿದ್ದುದು 315 ಕಿಲೋಹರ್ಟ್ಸ್‌ನಲ್ಲಿ, ಸರಿಯಾಗಿ ಹತ್ತನೇ ಹಾರ್ಮೋನಿಕ್ (ಲೈನ್ ರೇಟ್‌ನ ಹತ್ತು ಪಟ್ಟು) ತಲೆ ಮೇಲೆ. ಹತ್ತಕ್ಕೂ ಹನ್ನೊಂದಕ್ಕೂ ನಡುವೆ, 331ಕ್ಕೆ ಸರಿಸಿದರೆ ಆಯಿತು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಪಟ್ಟೆಯ ನಾಯ್ಸ್ ಒಂದು ಲೈನ್ ಬಿಟ್ಟು ಒಂದು ಲೈನ್ ತಿರುಗುತ್ತದಲ್ಲ, ಅದರ ಮೂಲ ಫ್ರೀಕ್ವೆನ್ಸಿ ಲೈನ್ ರೇಟ್‌ನ ಅರ್ಧ, 15.77. ಅದರ 21ನೇ ಹಾರ್ಮೋನಿಕ್ ಬೀಳುವುದೇ 331ರಲ್ಲಿ! ಹಾಗಾಗಿ 315ಕ್ಕೂ 331ಕ್ಕೂ ನಡುವಿನ 323 ಆರಿಸಿದೆ. ಇಂಟಿಗ್ರೇಷನ್ ಸಮಯವನ್ನೂ, ಅಂದರೆ ಒಂದು ಅಳತೆಗೆ ಸಿಗ್ನಲ್ ಕೂಡಿಸುವ ಹೊತ್ತನ್ನೂ, ಸರಿಯಾಗಿ ನಾಲ್ಕು ಲೈನ್‌ನಷ್ಟು ಇಟ್ಟೆ. ಅದು ಸುಮಾರು 127 ಮೈಕ್ರೋಸೆಕೆಂಡ್, 323ರಲ್ಲಿ 41 ಸೈಕಲ್. ಹೀಗೆ ಇಟ್ಟಾಗ ಫಿಲ್ಟರ್‌ನ ಸೊನ್ನೆಗಳು (ಅದಕ್ಕೆ ಏನೂ ಕೇಳಿಸದ ಫ್ರೀಕ್ವೆನ್ಸಿಗಳು) ಎರಡೂ ಪಕ್ಕದ ಹಾರ್ಮೋನಿಕ್‌ಗಳ ಮೇಲೇ ಕೂರುತ್ತವೆ. ಲೆಕ್ಕ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ಅಪರೂಪ, ಖುಷಿಯಾಯಿತು.

ಆದರೆ ಬೋರ್ಡ್ ಬಿಸಿಯಾದಾಗ ಕಂಟ್ರೋಲರ್ ಒಳಗಿನ ಆಸಿಲೇಟರ್ ಸರಿಯುತ್ತದೆ. ಒಂದು ಪರ್ಸೆಂಟ್ ಸರಿದರೂ 3 ಕಿಲೋಹರ್ಟ್ಸ್ ಆಚೀಚೆ, ಆಗ ಸೊನ್ನೆಗಳು ಜಾಗ ಬಿಡುತ್ತವೆ. ಅದಕ್ಕೇ ಎಚ್‌ಸಿಂಕ್ ಲೈನನ್ನೂ 33 ಓಮ್ ಸೀರೀಸ್ ರೆಸಿಸ್ಟರ್ ಮೂಲಕ ಕಂಟ್ರೋಲರ್‌ನ ಸಿಂಕ್ ಪಿನ್‌ಗೆ ಕೊಟ್ಟೆ. ಡಿಸ್‌ಪ್ಲೇಗೆ ಆರ್‌ಜಿಬಿ ಇಂಟರ್‌ಫೇಸ್ (ಪ್ರತಿ ಸಿಗ್ನಲ್‌ಗೂ ಬೇರೆ ತಂತಿ) ಆದ್ದರಿಂದ ಆ ತಂತಿ ಕೈಗೆ ಸಿಗುತ್ತದೆ, ಎಲ್ಲವನ್ನೂ ಕೆಲವೇ ಜೋಡಿ ತಂತಿಗಳಲ್ಲಿ ಕಳಿಸುವ ಎಲ್‌ವಿಡಿಎಸ್ ಆಗಿದ್ದರೆ ಇಷ್ಟು ಸುಲಭ ಇಲ್ಲ. ಈಗ ಪ್ರತಿ ಸ್ಕ್ಯಾನ್ ಕೂಡ ಚಿತ್ರದ ಲೈನ್‌ನ ಒಂದೇ ಜಾಗದಲ್ಲಿ, ಜಿಗಿತ ಇಳಿದ ಮೇಲೆ ಶುರುವಾಗುತ್ತದೆ. ಸಿಂಕ್ ಒಂದನ್ನೇ ನಂಬಿದರೆ ಚಿತ್ರ ಬದಲಾದ ಕ್ಷಣ ಬೇಸ್‌ಲೈನ್ (ಬೆರಳಿಲ್ಲದಾಗಿನ ಅಳತೆ) ಜಿಗಿಯುತ್ತದೆ, ಆದ್ದರಿಂದ ಫ್ರೀಕ್ವೆನ್ಸಿ, ಸಿಂಕ್ ಎರಡೂ ಬೇಕಾಯಿತು.

ಉಳಿದ ಚೂರುಪಾರು ನಾಯ್ಸ್ ಎಲ್ಲ ಚಾನಲ್‌ಗೂ ಒಂದೇ ಥರ ಬರುವುದರಿಂದ, ಪ್ರತಿ ಸಾಲಿನ ಮೀಡಿಯನ್ (ಕ್ರಮವಾಗಿ ಜೋಡಿಸಿದಾಗ ಮಧ್ಯದಲ್ಲಿ ಬರುವ ಸಂಖ್ಯೆ) ತೆಗೆದು ಕಳೆಯುತ್ತೇನೆ. ಸರಾಸರಿ ಬೇಡ, ಒಂದು ಬೆರಳು ಅದನ್ನು ಎಳೆದುಬಿಡುತ್ತದೆ. ಅಂಗೈ ಇಟ್ಟು ಅರ್ಧಕ್ಕಿಂತ ಹೆಚ್ಚು ಚಾನಲ್ ಮುಚ್ಚಿದರೆ ಮೀಡಿಯನ್ನೂ ಕೆಡುತ್ತದೆ. ಅಂಥ ಫ್ರೇಮ್‌ಗಳನ್ನು ಕೈಬಿಡುತ್ತೇವೆ.

ಟಚ್ ಹಿಂದೆ ಐಟಿಒ (ವಿದ್ಯುತ್ ಹರಿಯುವ ಪಾರದರ್ಶಕ ಲೇಪ) ಶೀಲ್ಡ್ ಪದರ ಹಾಕಿಸಬಹುದಿತ್ತು. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಬೆಲೆ ಏರುತ್ತದೆ, ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಸೆನ್ಸರ್ ಲೈನ್‌ಗಳ ಮೇಲೆ ಲೋಡ್ ಹೆಚ್ಚುತ್ತದೆ. ಐಟಿಒಗೆ ರೆಸಿಸ್ಟೆನ್ಸ್ ಜಾಸ್ತಿ ಇರುವುದರಿಂದ ಒಂದೇ ಮೂಲೆಯಲ್ಲಿ ಗ್ರೌಂಡ್ ಮಾಡಿದರೆ ಆಚೆ ತುದಿಯಲ್ಲಿ ಅದು ಹೆಸರಿಗೆ ಮಾತ್ರ ಶೀಲ್ಡ್. ಐಪಿಎಸ್ ಎಂಬ ಇನ್ನೊಂದು ಬಗೆಯ ಎಲ್‌ಸಿಡಿ ಪ್ಯಾನಲ್ ಬಳಸುವವರು ಒಂದು ನೋಡಿಕೊಳ್ಳಿ: ಅವುಗಳ ಮೇಲಿನ ಗಾಜಿಗೆ ಸಾಮಾನ್ಯವಾಗಿ ಸ್ಟ್ಯಾಟಿಕ್‌ಗೆಂದೇ ಐಟಿಒ ಲೇಪ ಇರುತ್ತದೆ, ಅದನ್ನು ಗ್ರೌಂಡ್‌ಗೆ ಜೋಡಿಸುವ ಬೆಳ್ಳಿ ಪೇಸ್ಟ್‌ನ ಚುಕ್ಕೆ ಬಿಟ್ಟುಕೊಂಡಿದ್ದರೆ ಸಿಗಬೇಕಾದ ಶೀಲ್ಡ್ ಸಿಗುವುದಿಲ್ಲ.

ಆಮೇಲೆ ಎರಡನೇ ಸಪ್ಲೈಯರ್‌ನಿಂದ ಅದೇ ಅಳತೆಯ ಡಿಸ್‌ಪ್ಲೇ ಬಂತು. ಅದರ ಟೈಮಿಂಗ್‌ನಲ್ಲಿ ಒಂದು ಲೈನ್‌ಗೆ 1056 ಕ್ಲಾಕ್ ಇರಲಿಲ್ಲ. ಹಾಗಾಗಿ ಈಗ 323 ಅಂತ ಕೋಡ್‌ನಲ್ಲಿ ಬರೆಯುವುದಿಲ್ಲ, ಡಿಸ್‌ಪ್ಲೇ ಟೈಮಿಂಗ್‌ನಿಂದಲೇ ಸ್ಕ್ಯಾನ್ ಫ್ರೀಕ್ವೆನ್ಸಿ ಮತ್ತು ಸೈಕಲ್ ಸಂಖ್ಯೆ ಲೆಕ್ಕ ಹಾಕುತ್ತೇವೆ. ಪ್ರೊಡಕ್ಷನ್ ಟೆಸ್ಟ್‌ನಲ್ಲಿ ಪ್ರತಿ ಪೀಸ್‌ಗೂ ಒಂದು ಪಿಕ್ಸೆಲ್ ಪಟ್ಟೆ ಚಿತ್ರ ಹಾಕಿ, ಬೆರಳಿಲ್ಲದೆ ರಾ ಡೇಟಾ ನೋಡುತ್ತೇವೆ. ನಾಯ್ಸ್ ಟಚ್ ಥ್ರೆಶೋಲ್ಡ್‌ನ (ಮುಟ್ಟಿದರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವ ಮಟ್ಟದ) ಮೂರನೇ ಒಂದು ಭಾಗ ದಾಟಿದರೆ ಅದು ಫೇಲ್.