ಹಳೇ ಗೂಡ್ಸ್ ಇಂಜಿನ್ ಫೋಟೋ ಓದುವುದು ಹೇಗೆ? ಚಕ್ರದಿಂದ ಶುರು ಮಾಡಿ

ಬ್ರಿಟನ್ನಿನ ಹಳೇ ಉಗಿ ಇಂಜಿನ್‌ಗಳ ಫೋಟೋ ಈಗ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತವೆ. ಮೊದಲ ನೋಟಕ್ಕೆ ಎಲ್ಲವೂ ಒಂದೇ ಥರ ಕಪ್ಪಗೆ ಕಾಣುತ್ತವೆ. ಆದರೆ ಯಾವುದು ಭಾರದ ಗೂಡ್ಸ್ ಎಳೆಯಲು ಮಾಡಿದ್ದು, ಹೆಚ್ಚುಕಮ್ಮಿ ಯಾವ ಕಾಲದ್ದು ಅಂತ ಐದು ನಿಮಿಷದಲ್ಲಿ ಹೇಳಬಹುದು. ಬಣ್ಣ, ನಂಬರ್, ಹೊಗೆ ಕೊಳವೆ ಎಲ್ಲ ಆಮೇಲೆ. ಮೊದಲು ಚಕ್ರ ನೋಡಿ.

ಯಾಕೆ ಚಕ್ರ? ದಾವಣಗೆರೆ ಕಡೆ ಭದ್ರಾ ನಾಲೆಯ ಗದ್ದೆ ಮಾಡುವವರಿಗೆ ಇದು ಗೊತ್ತಿರುವ ವಿಷಯವೇ. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸುತ್ತಾರೆ, ಅಲ್ವಾ? ಎಷ್ಟೇ ಶಕ್ತಿ ಇದ್ದರೂ ಮೇಲೆ ಭಾರ ಇಲ್ಲದಿದ್ದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಹಳಿಯ ಮೇಲೆ ಹಿಡಿತ ಇನ್ನೂ ಕಡಿಮೆ. ಒಣಗಿದ ಹಳಿಯಲ್ಲೂ, ಎಳೆಯುವ ಚಕ್ರಗಳ ಮೇಲೆ ಬೀಳುವ ಭಾರದ ಸುಮಾರು ಕಾಲು ಭಾಗದಷ್ಟು ಮಾತ್ರ ಎಳೆತ ಸಿಗುತ್ತದೆ. ಹಾಗಂತ ಒಂದೇ ಚಕ್ರದ ಮೇಲೆ ಭಾರ ಹೇರಿದರೆ ಹಳಿಯೇ ಮುರಿಯುತ್ತದೆ. 1804ರಲ್ಲಿ ವೇಲ್ಸ್‌ನಲ್ಲಿ ಎಂಜಿನಿಯರ್ ಟ್ರೆವಿಥಿಕ್‌ನ ಉಗಿ ಇಂಜಿನ್ 10 ಟನ್ ಕಬ್ಬಿಣ ಮತ್ತು 70 ಜನರನ್ನು ಎಳೆದು ತೋರಿಸಿತು, ಆದರೆ ಅದರ ಭಾರವನ್ನು ಆ ಎರಕದ ಹಳಿಗಳು ತಡೆಯಲಿಲ್ಲ. ಇಂಗ್ಲೆಂಡಿನ ವೈಲಮ್ ಕಲ್ಲಿದ್ದಲು ಗಣಿಯ 'ಪಫಿಂಗ್ ಬಿಲ್ಲಿ' ಇಂಜಿನ್ನಿನದೂ ಅದೇ ಪಾಡು. ಭಾರ ಹಂಚಲೆಂದು ಅದರ ನಾಲ್ಕು ಚಕ್ರವನ್ನು ಎಂಟು ಮಾಡಿದರು, ಗಟ್ಟಿ ಹಳಿ ಹಾಕಿದ ಮೇಲೆ ಮತ್ತೆ ನಾಲ್ಕಕ್ಕೆ ಇಳಿಸಿದರು. ಭಾರ ಬೇಕು, ಆದರೆ ಹಂಚಿರಬೇಕು. ಮುಂದಿನ ನೂರು ವರ್ಷದ ಗೂಡ್ಸ್ ಇಂಜಿನ್‌ಗಳ ಕಥೆ ಇದೇ.

ಈಗ ಎಣಿಸಿ. ಫೋಟೋದಲ್ಲಿ ಒಂದು ಮಗ್ಗುಲು ಮಾತ್ರ ಕಾಣುತ್ತದೆ, ಹಾಗಾಗಿ ಕಂಡದ್ದನ್ನು ಎರಡರಿಂದ ಗುಣಿಸಿ. ಮುಂದಿನ ಚಿಕ್ಕ ಚಕ್ರ, ನಡುವೆ ಸೈಡ್ ರಾಡಿನಿಂದ ಜೋಡಿಸಿದ ದೊಡ್ಡ ಚಕ್ರ, ಹಿಂದಿನ ಚಿಕ್ಕ ಚಕ್ರ, ಈ ಕ್ರಮದಲ್ಲೇ ಬರೆದುಕೊಳ್ಳಿ; ಇಲ್ಲದ ಕಡೆ 0 ಹಾಕಿ. ಟೆಂಡರಿನ, ಅಂದರೆ ಹಿಂದೆ ಕಲ್ಲಿದ್ದಲು ನೀರು ಹೊರುವ ಗಾಡಿಯ ಚಕ್ರ ಸೇರಿಸಬೇಡಿ. ಹೊಸಬರು ಜಾಸ್ತಿ ತಪ್ಪುವುದು ಇಲ್ಲೇ.

0-6-0 ಬಂದರೆ ಅದು ಬ್ರಿಟನ್ನಿನ ಮಾಮೂಲಿ ಗೂಡ್ಸ್ ಇಂಜಿನ್. 1827ರಲ್ಲಿ ಎಂಜಿನಿಯರ್ ಹ್ಯಾಕ್‌ವರ್ತ್ 'ರಾಯಲ್ ಜಾರ್ಜ್' ಇಂಜಿನ್ನಿಗೆ ಹೀಗೆ ಆರು ಚಕ್ರ ಜೋಡಿಸಿದ. 1858ರಿಂದ ಇಂಗ್ಲೆಂಡಿನ ಕ್ರೂ ಊರಿನ ಇಂಜಿನ್ ಕಾರ್ಖಾನೆಯಲ್ಲಿ ರಾಮ್ಸ್‌ಬಾಟಮ್ ವಿನ್ಯಾಸದ ಡಿಎಕ್ಸ್ ಮಾದರಿಯ ಇಂಜಿನ್‌ಗಳು ಬರತೊಡಗಿದವು, ಒಟ್ಟು 943. ಇಂಥವುಗಳಲ್ಲಿ ಉಗಿ ಪಿಸ್ಟನ್ ತಳ್ಳುವ ಸಿಲಿಂಡರ್ ಹೊರಗೆ ಕಾಣುವುದಿಲ್ಲ, ಎರಡು ಚೌಕಟ್ಟಿನ ನಡುವೆ ಅಡಗಿರುತ್ತದೆ.

ಚಕ್ರದ ಎತ್ತರವನ್ನೂ ನೋಡಿ. ಪಕ್ಕದಲ್ಲಿ ಮನುಷ್ಯ ನಿಂತಿದ್ದರೆ ಒಳ್ಳೆಯದು. ಅವನ ಎದೆಮಟ್ಟಕ್ಕೆ, ಅಂದರೆ ನಾಲ್ಕೂವರೆಯಿಂದ ಐದು ಅಡಿ ಇದ್ದರೆ ಗೂಡ್ಸ್. ತಲೆ ಮೀರಿದರೆ ಎಕ್ಸ್‌ಪ್ರೆಸ್. ಚಕ್ರ ಚಿಕ್ಕದಾದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ.

ಕಲ್ಲಿದ್ದಲು ಗಾಡಿಗಳು ಉದ್ದವಾದಂತೆ ಆರು ಚಕ್ರ ಸಾಲದೆ ಹೋಯಿತು. 1889ರಲ್ಲಿ ವೇಲ್ಸ್‌ನ ಬ್ಯಾರಿ ರೈಲ್ವೆಗೆ 0-8-0 ಬಂತು, 1892ರಲ್ಲಿ ಕ್ರೂನಲ್ಲಿ ವೆಬ್ ಕೂಡ ಒಂದು ಮಾಡಿದ. ಆದರೆ ನನ್ನ ಪ್ರಕಾರ ನಿಜವಾದ ತಿರುವು 1903. ಇಂಗ್ಲೆಂಡಿನ ಸ್ವಿಂಡನ್ ರೈಲ್ವೆ ಕಾರ್ಖಾನೆಯಲ್ಲಿ ಎಂಜಿನಿಯರ್ ಚರ್ಚ್‌ವರ್ಡ್ ಮಾಡಿಸಿದ 97ನೇ ನಂಬರಿನ ಇಂಜಿನ್ ಬ್ರಿಟನ್ನಿನ ಮೊದಲ 2-8-0. ಅದರ ಫೋಟೋ ಸಿಕ್ಕರೆ ಬೇಗ ಮುಂದೆ ಹೋಗಬೇಡಿ. ಮುಂದೆ ಒಂದು ಜೊತೆ ಚಿಕ್ಕ ಚಕ್ರ, ತಿರುವಿನಲ್ಲಿ ಇಂಜಿನ್ನಿಗೆ ದಾರಿ ತೋರಿಸಲು. ಸಿಲಿಂಡರ್ ಹೊರಗೆ. ಬೆಂಕಿಪೆಟ್ಟಿಗೆಯ, ಅಂದರೆ ಕಲ್ಲಿದ್ದಲು ಉರಿಯುವ ಫೈರ್‌ಬಾಕ್ಸಿನ ಮೇಲ್ಭಾಗ ದುಂಡಗಿಲ್ಲ, ಚೌಕ. ಅದು ಬೆಲ್ಜಿಯಂನ ಬೆಲ್‌ಪೇರ್ ರೂಪಿಸಿದ ಆಕಾರ.

ಎಳೆತವನ್ನು ನೀವೇ ಲೆಕ್ಕ ಹಾಕಬಹುದು. ಸಿಲಿಂಡರಿನ ಅಗಲದ ವರ್ಗವನ್ನು ಪಿಸ್ಟನ್ ಓಡುವ ಉದ್ದದಿಂದ ಗುಣಿಸಿ, ಅದನ್ನು ಬಾಯ್ಲರ್ ಒತ್ತಡದಿಂದ, ಆಮೇಲೆ 0.85ರಿಂದ ಗುಣಿಸಿ ಚಕ್ರದ ಅಡ್ಡಳತೆಯಿಂದ ಭಾಗಿಸಿ. ಅಳತೆ ಎಲ್ಲ ಇಂಚಿನಲ್ಲಿರಲಿ, ಒತ್ತಡ ಚದರ ಇಂಚಿಗೆ ಪೌಂಡಿನಲ್ಲಿ. 97ರ ಮಾದರಿಯಲ್ಲಿ ಕಟ್ಟಿದ 28 ಸರಣಿಯ ಇಂಜಿನ್‌ಗಳಿಗೆ ಇದೇ ಕ್ರಮದಲ್ಲಿ 18.5, 30, 225, 55.5 ಹಾಕಿ ನೋಡಿ, ಸುಮಾರು 35,380 ಪೌಂಡ್ ಬರುತ್ತದೆ. ಹತ್ತಿರ ಹತ್ತಿರ 16 ಟನ್. ಎಂಟು ಚಕ್ರದ ಮೇಲಿನ ಭಾರ ಸುಮಾರು 67 ಟನ್. ಕಾಲು ಭಾಗದ ಲೆಕ್ಕ ಸರಿಯಾಗಿ ಕೂರುತ್ತದೆ! ಅದಕ್ಕೇ ಈ ವಿನ್ಯಾಸವನ್ನು ಸ್ವಲ್ಪ ಸ್ವಲ್ಪ ತಿದ್ದುತ್ತಾ 1942ರವರೆಗೂ ಕಟ್ಟಿದರು, ಒಟ್ಟು 167.

ಚಕ್ರ ಜಾಸ್ತಿ ಇದ್ದ ಮಾತ್ರಕ್ಕೆ ದೂರದ ಗೂಡ್ಸ್ ಇಂಜಿನ್ ಅಂದುಕೊಳ್ಳಬೇಡಿ. 1919ರ ಮಿಡ್‌ಲ್ಯಾಂಡ್ ರೈಲ್ವೆಯ 0-10-0 ಇಂಜಿನ್ ಇಂಗ್ಲೆಂಡಿನ ಲಿಕ್ಕಿ ಎಂಬ ಕಡಿದಾದ ಏರಿನಲ್ಲಿ ಗಾಡಿಗಳನ್ನು ಹಿಂದಿನಿಂದ ತಳ್ಳಲೆಂದೇ ಮಾಡಿದ್ದು.

ಮೀಟರ್ ಗೇಜ್ ಕಾಲದಲ್ಲಿ ದಾವಣಗೆರೆಯಲ್ಲೋ ಚಿಕ್ಕಜಾಜೂರಿನಲ್ಲೋ ತೆಗೆದ ಫೋಟೋ ಮನೆಯಲ್ಲಿದ್ದರೆ ಅದನ್ನೂ ಹೀಗೇ ಎಣಿಸಿ. 2-8-2 ಬಂದು, ದೊಡ್ಡ ಚಕ್ರ ನಾಲ್ಕು ಅಡಿಯಷ್ಟೇ ಇದ್ದರೆ ಅದು ವೈಜಿ ಗೂಡ್ಸ್ ಇಂಜಿನ್ ಇರಬಹುದು. ಡ್ರೈವರ್ ನಿಲ್ಲುವ ಜಾಗದ ಕೆಳಗೆ ಆ ಹಿಂದಿನ ಚಿಕ್ಕ ಚಕ್ರ ಹುಡುಕಿ. ಅಗಲವಾದ ಬೆಂಕಿಪೆಟ್ಟಿಗೆಯನ್ನು ಹೊರುವುದು ಅದೇ.