ಕಾರ್ಡ್ ಬದಲಿಸಿ ಬದಲಿಸಿ ಸಾಕಾಯ್ತು: ನನ್ನ ಬೀಗಲ್‌ಬೋನ್ ಬೂಟ್ ಆಗದ ಕಥೆ

ಕರೆಂಟ್ ಕೊಟ್ಟರೆ ಪವರ್ ದೀಪ ಹತ್ತುತ್ತಿತ್ತು, ಅಷ್ಟೇ. ಸಾಲಾಗಿರುವ ನಾಲ್ಕು ನೀಲಿ ದೀಪಗಳಲ್ಲಿ ಒಂದು, ಲಿನಕ್ಸ್ ಎದ್ದ ಮೇಲೆ ಎದೆ ಬಡಿತದ ಹಾಗೆ ಮಿಣುಕಬೇಕು. ಅದು ಒಂದ್ಸಲ ಮಿಂಚಿ ಸುಮ್ಮನಾಗುತ್ತಿತ್ತು. ಎಚ್‌ಡಿಎಂಐ ಮಾನಿಟರ್ ಕಪ್ಪಗೇ ಇತ್ತು. ಬೋರ್ಡು, ಅಂದರೆ ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್, ಹಳೆಯ ಬೀಗಲ್‌ಬೋನ್ ಬ್ಲ್ಯಾಕ್. ಎಷ್ಟೋ ವರ್ಷ ಡಬ್ಬದಲ್ಲಿ ಬಿದ್ದಿತ್ತು. ಹೊಸ ಕರ್ನಲ್ (ಲಿನಕ್ಸಿನ ತಿರುಳು) ಹಾಕಿ ಒಂದು ಸಣ್ಣ ಕೆಲಸಕ್ಕೆ ಬಳಸೋಣ ಅಂತ ತೆಗೆದಿದ್ದೆ. ಸಿದ್ಧ ಇಮೇಜ್ (ಇಡೀ ಕಾರ್ಡಿನ ಪಡಿಯಚ್ಚು ಇರುವ ಫೈಲ್) ಬರೆಯುವ ಬದಲು ಮೈಕ್ರೊಎಸ್‌ಡಿ ಕಾರ್ಡನ್ನು ನಾನೇ ಕೈಯಾರೆ ತಯಾರು ಮಾಡಿದ್ದೆ. ಮುಂದೆ ಒಂದು ಚಿಕ್ಕ ಫ್ಯಾಟ್ ಪಾರ್ಟಿಷನ್ (ಕಾರ್ಡಿನ ಒಂದು ಭಾಗ), ಅದರಲ್ಲಿ ಕರ್ನಲ್ಲನ್ನು ಎಬ್ಬಿಸುವ ಬೂಟ್‌ಲೋಡರ್, ಕರ್ನಲ್, ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್ಲಿಗೆ ಹೇಳುವ ಡಿವೈಸ್ ಟ್ರೀ. ಅದರ ಹಿಂದೆ ಉಳಿದ ಜಾಗವೆಲ್ಲ ಇಎಕ್ಸ್‌ಟಿ4, ಅದರಲ್ಲಿ ರೂಟ್ ಫೈಲ್‌ಸಿಸ್ಟಮ್, ಅಂದರೆ ಲಿನಕ್ಸಿನ ಉಳಿದ ಫೈಲುಗಳೆಲ್ಲ.

ಮೊದಲ ಎರಡು ದಿನ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕಾರ್ಡ್ ತೆಗೆ, ಮತ್ತೆ ಬರೆ, ಹಾಕು, ನೋಡು. ಆಗಲಿಲ್ಲ ಅಂದರೆ ಇನ್ನೊಂದು ಕಾರ್ಡ್. ಮೂರು ಕಾರ್ಡ್ ಆಯ್ತು. ಕಾರ್ಡ್ ರೀಡರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಮಧ್ಯೆ ಒಂದ್ಸಲ ನಿದ್ದೆಗಣ್ಣಲ್ಲಿ ಸಿದ್ಧ ಇಮೇಜ್ ಒಂದನ್ನು ಇಡೀ ಕಾರ್ಡಿಗೆ ಬರೆಯುವ ಬದಲು ಅದರ ಮೊದಲ ಪಾರ್ಟಿಷನ್ ಒಳಗೆ ಬರೆದು, ಅದೂ ಬೂಟ್ ಆಗಲಿಲ್ಲ ಅಂತ ಬೋರ್ಡೇ ಸತ್ತಿದೆ ಅಂದುಕೊಂಡೆ. ಎಸ್‌ಡಿಬಿ (ಇಡೀ ಕಾರ್ಡಿಗೆ ಲ್ಯಾಪ್‌ಟಾಪ್ ಕೊಟ್ಟ ಹೆಸರು) ಅಂತ ಕೊಡಬೇಕಾದಲ್ಲಿ ಎಸ್‌ಡಿಬಿ1 (ಅದರ ಮೊದಲ ಪಾರ್ಟಿಷನ್) ಅಂತ ಕೊಟ್ಟರೆ ಹೀಗಾಗುತ್ತದೆ. ಪಾರ್ಟಿಷನ್‌ನಲ್ಲಿ ಜಾಗ ಸಾಕಷ್ಟಿದ್ದರೆ ಬರೆಯುವುದು ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ, ಅದೇ ಮೋಸ.

ತಪ್ಪು ಎಲ್ಲಿತ್ತು ಅಂದರೆ, ಬೋರ್ಡ್ ಎಲ್ಲಿಯವರೆಗೆ ಬಂದು ನಿಂತಿದೆ ಅನ್ನುವುದೇ ನನಗೆ ಕಾಣುತ್ತಿರಲಿಲ್ಲ. ಮಾನಿಟರಿನಲ್ಲಿ ಚಿತ್ರ ಬರುವುದು ಕರ್ನಲ್ ಎದ್ದ ಮೇಲೆ. ಅದಕ್ಕೂ ಮುಂಚೆ ನಡೆಯುವುದೆಲ್ಲ ಸೀರಿಯಲ್ ವೈರಿನಲ್ಲಿ ಮಾತ್ರ ಕೇಳಿಸುತ್ತದೆ. ಈ ಬೋರ್ಡಿನಲ್ಲಿ ಅದಕ್ಕೆ ಜೆ1 ಅನ್ನುವ ಆರು ಪಿನ್ನಿನ ಸಾಲು ಇದೆ. ಮೊದಲನೇ ಪಿನ್ನಿನ ಹತ್ತಿರ ಒಂದು ಬಿಳಿ ಚುಕ್ಕಿ. ಅದು ಗ್ರೌಂಡ್. ನಾಲ್ಕನೆಯದು ಬೋರ್ಡ್ ಕೇಳಿಸಿಕೊಳ್ಳುವ ಪಿನ್, ಐದನೆಯದು ಮಾತಾಡುವ ಪಿನ್. ಯುಎಸ್‌ಬಿ ಸೀರಿಯಲ್ ಅಡಾಪ್ಟರ್ 3.3 ವೋಲ್ಟಿನದೇ ಆಗಬೇಕು. ಅದರ ಟಿಎಕ್ಸ್ (ಕಳಿಸುವ) ವೈರ್ ನಾಲ್ಕಕ್ಕೆ, ಆರ್‌ಎಕ್ಸ್ (ಪಡೆಯುವ) ವೈರ್ ಐದಕ್ಕೆ. ನಾನು ಟಿಎಕ್ಸ್‌ಗೆ ಟಿಎಕ್ಸ್ ಸೇರಿಸಿ ಅರ್ಧ ಗಂಟೆ ಖಾಲಿ ಪರದೆ ನೋಡುತ್ತಾ ಕೂತಿದ್ದೆ. ಅದಲು ಬದಲು ಮಾಡಿದ ಮೇಲೆ ಅಕ್ಷರ ಬಂತು, ಆದರೆ ಕಸದ ಹಾಗೆ. ನೋಡಿದರೆ ಗ್ರೌಂಡ್ ವೈರ್ ಸಡಿಲವಾಗಿತ್ತು. ಅದನ್ನು ಒತ್ತಿ ಕೂರಿಸಿ, ವೇಗ 115200 ಇಟ್ಟ ಮೇಲೆ ಪರದೆ ತುಂಬ ಓದುವಂಥ ಸಾಲುಗಳು.

ಇಲ್ಲಿ ಇನ್ನೊಂದು ಕಾಟ. ಸಾಲುಗಳು ಬರುತ್ತಿವೆ, ಆದರೆ ನಾನು ಕೀ ಒತ್ತಿದರೆ ಬೋರ್ಡಿಗೆ ಕೇಳಿಸುತ್ತಿಲ್ಲ. ಬೂಟ್‌ಲೋಡರ್ ಎಣಿಕೆ ಇಳಿಸುವಾಗ ನಿಲ್ಲಿಸಲು ಆಗುತ್ತಿಲ್ಲ. ಇದು ವೈರಿನ ತಪ್ಪಲ್ಲ. ಸೀರಿಯಲ್ ಸಾಲುಗಳನ್ನು ತೋರಿಸುವ ಮಿನಿಕಾಮ್ ಪ್ರೋಗ್ರಾಮಿನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಆಗಿತ್ತು. ಮೂರೇ ವೈರ್ ಇರುವ ಕಡೆ ಅದು ಯಾವತ್ತೂ ಬಾರದ ಒಪ್ಪಿಗೆಗೆ ಕಾಯುತ್ತಾ ಕೂರುತ್ತದೆ. ಆಫ್ ಮಾಡಿದರೆ ಮುಗಿಯಿತು.

ಈಗ ಪರದೆಯಲ್ಲಿ ಏನು ಬಂತು ಅಂತ ಹೇಳುವ ಮುಂಚೆ ಒಂದು ಮಾತು. ಈ ಬೋರ್ಡ್ ಒಂದೇ ಏಟಿಗೆ ಲಿನಕ್ಸಿಗೆ ಹೋಗುವುದಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಾ ಹೋಗುತ್ತದೆ. ಮೊದಲು ಚಿಪ್ಪಿನ ಒಳಗೇ ಸುಟ್ಟಿಟ್ಟಿರುವ ರಾಮ್ (ROM) ಕೋಡ್ ಓಡುತ್ತದೆ. ನಾವು ಅದನ್ನು ಬದಲಿಸುವ ಹಾಗಿಲ್ಲ. ಆ ಹೊತ್ತಿಗೆ ಹೊರಗಿನ 512 ಎಂಬಿ ಮೆಮೊರಿ ಇನ್ನೂ ತಯಾರಾಗಿರುವುದಿಲ್ಲ, ಚಿಪ್ಪಿನ ಒಳಗಿನ ಪುಟ್ಟ ಜಾಗ ಮಾತ್ರ ಇರುತ್ತದೆ. ಅಲ್ಲಿ ಹಿಡಿಸುವುದು 109 ಕೆಬಿ. ಯು-ಬೂಟ್ ಅನ್ನುವ ಬೂಟ್‌ಲೋಡರ್ ಇಡಿಯಾಗಿ ಅದರಲ್ಲಿ ಕೂರುವುದಿಲ್ಲ. ಅದಕ್ಕೇ ಎಂಎಲ್‌ಒ ಅಂತ ಒಂದು ಚಿಕ್ಕ ಫೈಲ್ ಮೊದಲು ಬರುತ್ತದೆ. ಅದು ಮೆಮೊರಿಯನ್ನು ಎಬ್ಬಿಸಿ ದೊಡ್ಡ ಯು-ಬೂಟ್ ತರುತ್ತದೆ. ಯು-ಬೂಟ್ ಕರ್ನಲ್ಲನ್ನೂ ಡಿವೈಸ್ ಟ್ರೀಯನ್ನೂ ತರುತ್ತದೆ. ಕರ್ನಲ್ ಬಂದು ರೂಟ್ ಹುಡುಕುತ್ತದೆ. ಬೂಟ್ ಆಗುತ್ತಿಲ್ಲ ಅಂದರೆ ಈ ಸರಪಳಿಯಲ್ಲಿ ಯಾವ ಕೊಂಡಿ ಬಿಟ್ಟಿದೆ ಅನ್ನುವುದೇ ಪ್ರಶ್ನೆ. ನನ್ನಲ್ಲಿ ಒಂದಲ್ಲ, ಮೂರು ಬಿಟ್ಟಿದ್ದವು.

ಪರದೆಯ ಮೊದಲ ಸಾಲು ನೋಡಿಯೇ ತಬ್ಬಿಬ್ಬಾದೆ. ಯು-ಬೂಟ್ 2014 ಅಂತಿತ್ತು. ನಾನು ಕಾರ್ಡಿಗೆ ಹಾಕಿದ್ದು 2019.04. ಹಾಗಾದರೆ ಇದು ಯಾರು? ಈ ಬೋರ್ಡಿನ ಮೇಲೆ ಇಎಂಎಂಸಿ ಅಂತ ಬೆಸುಗೆ ಹಾಕಿದ ಫ್ಲ್ಯಾಶ್ ಇದೆ, ನನ್ನದರಲ್ಲಿ 4 ಜಿಬಿ. ಸುಮ್ನೆ ಕರೆಂಟ್ ಕೊಟ್ಟರೆ ರಾಮ್ ಕೋಡ್ ಮೊದಲು ನೋಡುವುದು ಅದನ್ನೇ, ಕಾರ್ಡನ್ನಲ್ಲ. ಅಲ್ಲಿದ್ದ ಹಳೇ ಯು-ಬೂಟ್ ಎದ್ದು, ಅದರಲ್ಲಿ ನಾನೇ ಎಂದೋ ಯಾವುದೋ ಪ್ರಯೋಗಕ್ಕೆ ಬರೆದು ಉಳಿಸಿದ್ದ ಸ್ಕ್ರಿಪ್ಟ್ ಓಡಿಸಿ, ಕರ್ನಲ್ಲನ್ನು ಹೊಸ ಕಾರ್ಡಿನಿಂದ ಎತ್ತಿಕೊಂಡು, ಡಿವೈಸ್ ಟ್ರೀಯನ್ನು ಮಾತ್ರ ಇಎಂಎಂಸಿಯಿಂದ ತಂದು, ಎರಡನ್ನೂ ಜೋಡಿಸಿ ಕೈ ತೊಳೆದುಕೊಳ್ಳುತ್ತಿತ್ತು. ಗೊತ್ತಾಗಿದ್ದು ಹೇಗೆ ಅಂದರೆ, ಯು-ಬೂಟ್ ಪ್ರತಿ ಫೈಲ್ ಓದಿದಾಗ ಎಷ್ಟು ಬೈಟ್ ಓದಿದೆ ಅಂತ ಒಂದು ಸಾಲು ಹೇಳುತ್ತದೆ. ಕರ್ನಲ್ಲಿನ ಬೈಟ್ ಲೆಕ್ಕ ಕಾರ್ಡಿನಲ್ಲಿದ್ದ ಫೈಲಿಗೆ ಸರಿಯಾಗಿತ್ತು. ಡಿವೈಸ್ ಟ್ರೀಯದ್ದು ನನ್ನ ಫೈಲಿನ ಅರ್ಧದಷ್ಟೂ ಇರಲಿಲ್ಲ. ಹೊಸ ಕರ್ನಲ್ಲಿಗೆ ಹಳೇ ನಕ್ಷೆ ಕೊಟ್ಟ ಹಾಗಾಯ್ತು. ಸ್ಟಾರ್ಟಿಂಗ್ ಕರ್ನಲ್ ಅಂತ ಬಂದು ಮೂರು ಚುಕ್ಕಿ. ಆಮೇಲೆ ಏನೂ ಇಲ್ಲ.

ಕಾರ್ಡಿನಿಂದಲೇ ಎಬ್ಬಿಸಬೇಕು ಅಂದರೆ ಬೋರ್ಡಿನ ಮೇಲೆ ಎಸ್2 ಅನ್ನುವ ಗುಂಡಿ ಇದೆ, ಕಾರ್ಡ್ ತೂರಿಸುವ ಕಡೆಯ ತುದಿಯಲ್ಲಿ. ಅದನ್ನು ಒತ್ತಿ ಹಿಡಿದರೆ ಇಎಂಎಂಸಿ ಬಿಟ್ಟು ಕಾರ್ಡ್ ಕಡೆ ನೋಡುತ್ತದೆ. ಇದು ನನಗೆ ಗೊತ್ತಿತ್ತು. ಮೊದಲ ದಿನವೇ ಮಾಡಿಯೂ ಇದ್ದೆ. ಆದರೆ ಗುಂಡಿ ಒತ್ತಿ ಹಿಡಿದು ರೀಸೆಟ್ ಒತ್ತುತ್ತಿದ್ದೆ. ಅದು ಲೆಕ್ಕಕ್ಕೇ ಬರುವುದಿಲ್ಲ! ಆ ಗುಂಡಿಯ ಸ್ಥಿತಿಯನ್ನು ಚಿಪ್ ಓದುವುದು ಕರೆಂಟ್ ಬಂದ ಕ್ಷಣದಲ್ಲಿ ಮಾತ್ರ. ರೀಸೆಟ್ ಮಾಡಿದರೆ ಹಿಂದೆ ಓದಿಟ್ಟದ್ದನ್ನೇ ಬಳಸುತ್ತದೆ. ಹಾಗಾಗಿ ವೈರ್ ಪೂರ್ತಿ ಕಿತ್ತು, ಗುಂಡಿ ಒತ್ತಿ, ಒತ್ತಿದ ಹಾಗೇ ವೈರ್ ಚುಚ್ಚಬೇಕು. ಸೀರಿಯಲ್ಲಿನಲ್ಲಿ ಮೊದಲ ಸಾಲು ಬರುವವರೆಗೆ ಬೆರಳು ತೆಗೆಯಬಾರದು.

ಹಾಗೆ ಮಾಡಿದಾಗ 2014 ಹೋಯ್ತು. ಅದರ ಜಾಗದಲ್ಲಿ ಬಂದದ್ದು ಸಿ. ಇಂಗ್ಲಿಷಿನ ಸಿ ಅಕ್ಷರ, ಒಂದಾದ ಮೇಲೆ ಒಂದು, ಸಾಲಾಗಿ. ಸಿ, ಸಿ, ಸಿ, ಸಿ. ನೋಡಿದವರಿಗೆ ಬೋರ್ಡ್ ಕೆಟ್ಟಿದೆ ಅನ್ನಿಸಬೇಕು, ನನಗೆ ಮಾತ್ರ ಖುಷಿಯಾಯ್ತು. ಯಾಕಂದರೆ ಇದು ರಾಮ್ ಕೋಡಿನ ದನಿ. ಎಲ್ಲ ಕಡೆ ಹುಡುಕಿದೆ, ಎಲ್ಲೂ ಬೂಟ್‌ಲೋಡರ್ ಸಿಗಲಿಲ್ಲ, ಸೀರಿಯಲ್ ಮೂಲಕವಾದರೂ ಎಕ್ಸ್‌ಮೋಡೆಮ್‌ನಲ್ಲಿ (ಸೀರಿಯಲ್ ವೈರಿನಲ್ಲಿ ಫೈಲ್ ಕಳಿಸುವ ಹಳೇ ವಿಧಾನ) ಕಳಿಸಿ ಅಂತ ಕೇಳುತ್ತಿದೆ. ಅಂದರೆ ಚಿಪ್ ಬದುಕಿದೆ, ಬೋರ್ಡ್ ಬದುಕಿದೆ, ನನ್ನ ಕಾರ್ಡ್ ಮಾತ್ರ ಅದಕ್ಕೆ ಒಪ್ಪಿಗೆಯಾಗಿಲ್ಲ.

ಯಾಕೆ ಒಪ್ಪಿಲ್ಲ? ಎಂಎಲ್‌ಒ ಫೈಲ್ ಇತ್ತು. ಹೆಸರು ಸರಿಯಿತ್ತು. ಫ್ಯಾಟ್ ಪಾರ್ಟಿಷನ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆಯುತ್ತಿತ್ತು. ಕೊನೆಗೆ ಪಾರ್ಟಿಷನ್ ನೋಡುವ, ತಿದ್ದುವ ಎಫ್‌ಡಿಸ್ಕ್ ತೆರೆದು ಪಿ ಒತ್ತಿ ಪಟ್ಟಿ ನೋಡಿದೆ. ಪಾರ್ಟಿಷನ್ ಹೆಸರಿನ ಪಕ್ಕ ಬೂಟ್ ಅಂತ ಒಂದು ಕಾಲಂ ಇರುತ್ತದಲ್ವಾ, ನಾವು ಯಾರೂ ನೋಡದ ಕಾಲಂ. ಅಲ್ಲಿ ಒಂದು ನಕ್ಷತ್ರ ಚಿಹ್ನೆ ಇರಬೇಕಿತ್ತು. ಇರಲಿಲ್ಲ. ಈ ಚಿಪ್ಪಿನ ರಾಮ್ ಕೋಡ್ ಫ್ಯಾಟ್ ಪಾರ್ಟಿಷನ್ ಆಕ್ಟಿವ್ ಅಂತ ಗುರುತಾಗಿದ್ದರೆ ಮಾತ್ರ ಒಳಗೆ ನೋಡುತ್ತದೆ. ಹಳೇ ಯು-ಬೂಟ್‌ಗೆ ಆ ಗುರುತಿನ ಹಂಗಿಲ್ಲ, ಅದಕ್ಕೇ ಅದು ಅದೇ ಕಾರ್ಡಿನಿಂದ ಕರ್ನಲ್ ಓದುತ್ತಿತ್ತು. ಕಾರ್ಡ್ ಓದುತ್ತಿದೆ ಅಂತ ನಾನು ಕಾರ್ಡಿನ ಮೇಲೆ ಅನುಮಾನವನ್ನೇ ಬಿಟ್ಟಿದ್ದೆ. ಎಫ್‌ಡಿಸ್ಕ್‌ನಲ್ಲಿ ಎ ಒತ್ತಿ, ಪಾರ್ಟಿಷನ್ 1 ಅಂತ ಕೊಟ್ಟು, ಡಬ್ಲ್ಯೂ ಒತ್ತಿ ಬರೆದೆ. ಮತ್ತೆ ಗುಂಡಿ, ಮತ್ತೆ ವೈರ್. ಈ ಸಲ ಬಂದದ್ದು ಯು-ಬೂಟ್ ಎಸ್‌ಪಿಎಲ್ 2019.04, ಎಂಎಲ್‌ಒ ತನ್ನನ್ನು ಕರೆದುಕೊಳ್ಳುವ ಹೆಸರು ಅದು. ಎರಡು ದಿನದ ಮೇಲೆ ಸರಿಯಾದ ವರ್ಷ ಕಂಡಿತು.

ಇದು ಈ ಚಿಪ್ಪಿನ ಮಾತು, ಎಲ್ಲದಕ್ಕೂ ಹೊಂದುವುದಿಲ್ಲ. ಬೇರೆ ಬೋರ್ಡುಗಳಿಗೆ ಬೇರೆ ಹಟ. ಆಲ್‌ವಿನ್ನರ್ ಚಿಪ್ಪುಗಳು ಪಾರ್ಟಿಷನ್ ಗೊಡವೆಗೇ ಹೋಗದೆ ಕಾರ್ಡಿನ ಶುರುವಿನಿಂದ 8 ಕೆಬಿ ದೂರದಲ್ಲಿ ಬೂಟ್‌ಲೋಡರ್ ಹುಡುಕುತ್ತವೆ. ಅಂಥ ಕಾರ್ಡಿಗೆ ಮಾಮೂಲಿ ಜಿಪಿಟಿ ಪಾರ್ಟಿಷನ್ ಟೇಬಲ್ ಹಾಕಿದರೆ ಎರಡೂ ಒಂದೇ ಜಾಗಕ್ಕೆ ಜಗಳ ಆಡುತ್ತವೆ. ರಾಕ್‌ಚಿಪ್‌ನವು 64ನೇ ಸೆಕ್ಟರಿನಲ್ಲಿ ನೋಡುತ್ತವೆ. ರಾಸ್ಪ್‌ಬೆರಿ ಪೈ ಆದರೆ ಸೀರಿಯಲ್ ಇಲ್ಲದೆಯೂ ಅಷ್ಟಿಷ್ಟು ಹೇಳುತ್ತದೆ. ಹಸಿರು ದೀಪ ನಾಲ್ಕು ಸಲ ಮಿನುಗಿದರೆ ಸ್ಟಾರ್ಟ್ ಫೈಲ್ ಸಿಕ್ಕಿಲ್ಲ, ಏಳು ಸಲ ಆದರೆ ಕರ್ನಲ್ ಸಿಕ್ಕಿಲ್ಲ ಅಂತ ಲೆಕ್ಕ. ಎಷ್ಟು ಜನ ಅದನ್ನು ಎಣಿಸದೆ ಕಾರ್ಡ್ ಬಿಸಾಕಿದ್ದಾರೋ.

ನನ್ನ ಬೋರ್ಡಿಗೆ ಬರೋಣ. ಈಗ ಕರ್ನಲ್ ಓಡಿತು, ಸಾಲು ಸಾಲು ಸರಸರ ಬಂದವು, ಕೊನೆಗೆ ಪ್ಯಾನಿಕ್, ಅಂದರೆ ಮುಂದೆ ಹೋಗಲಾಗದೆ ಕರ್ನಲ್ ನಿಂತುಬಿಟ್ಟಿತು. ರೂಟ್ ಮೌಂಟ್ ಮಾಡಲು ಆಗಲಿಲ್ಲ, ಅನ್‌ನೋನ್ ಬ್ಲಾಕ್, ಅದರ ಮುಂದೆ ಕಂಸದಲ್ಲಿ ಎರಡು ಸೊನ್ನೆ. ಈ ಸಾಲು ನೋಡಿ ಜಾಸ್ತಿ ಜನ ಫೈಲ್‌ಸಿಸ್ಟಮ್ ಕೆಟ್ಟಿದೆ ಅಂತ ಮತ್ತೆ ಕಾರ್ಡ್ ಬರೆಯಲು ಓಡುತ್ತಾರೆ. ಕಂಸದೊಳಗಿನ ಸಂಖ್ಯೆ ಓದಿ ಮೊದಲು. ಎರಡೂ ಸೊನ್ನೆ ಅಂದರೆ ಆ ಹೆಸರಿನ ಸಾಧನವೇ ಕರ್ನಲ್ಲಿಗೆ ಇನ್ನೂ ಕಂಡಿಲ್ಲ. ಮೊದಲ ಸಂಖ್ಯೆ 179 ಇದ್ದರೆ ಕಾರ್ಡ್ ಕಂಡಿದೆ, ಒಳಗಿನ ಫೈಲ್‌ಸಿಸ್ಟಮ್ ಮಾತ್ರ ಅರ್ಥವಾಗಿಲ್ಲ. ಎಂಎಂಸಿ ಸಾಧನಗಳಿಗೆ ಲಿನಕ್ಸ್ ಕೊಟ್ಟಿರುವ ಸಂಖ್ಯೆ ಅದು. ನನ್ನದು ಸೊನ್ನೆ. ಕಾರ್ಡನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕು, ಕರ್ನಲ್ ಅಷ್ಟು ಕಾಯದೆ ರೂಟ್ ಕೇಳಿತ್ತು. ಕಾಯಿ ಅಂತ ಹೇಳಬೇಕಾದ್ದು ನಾನು. ಯು-ಬೂಟ್ ಕರ್ನಲ್ಲಿಗೆ ಕೊಡುವ ಬೂಟ್ ಸಾಲಿನಲ್ಲಿ ರೂಟ್‌ವೇಟ್ ಅನ್ನುವ ಒಂದೇ ಪದ ಬಿಟ್ಟುಹೋಗಿತ್ತು. ಸೇರಿಸಿದೆ. ಲಾಗಿನ್ ಬಂತು!

ಬಂತು ಅಂತ ಚಹಾ ಕುಡಿದು ಬಂದು ಮತ್ತೆ ಕರೆಂಟ್ ಕೊಟ್ಟರೆ, ರೂಟ್ ಸಾಧನಕ್ಕೆ ಕಾಯುತ್ತಿದ್ದೇನೆ ಅಂತ ನಿಂತಿದೆ. ಮೂರನೇ ಸಲ ಸರಿ, ನಾಲ್ಕನೇ ಸಲ ಸರಿ, ಐದನೇ ಸಲ ಮತ್ತೆ ಕಾಯುತ್ತಿದೆ. ಹೀಗೆ ಒಮ್ಮೆ ಆಗುವ ಒಮ್ಮೆ ಆಗದ ತೊಂದರೆಯಷ್ಟು ತಲೆ ತಿನ್ನುವುದು ಬೇರೆ ಇಲ್ಲ. ಎರಡೂ ಸಲದ ಲಾಗ್ ಪಕ್ಕಪಕ್ಕ ಇಟ್ಟು ನೋಡಿದೆ. ಸರಿಯಾದಾಗ ಕಾರ್ಡ್ ಎಂಎಂಸಿಬಿಎಲ್‌ಕೆ0, ಇಎಂಎಂಸಿ ಎಂಎಂಸಿಬಿಎಲ್‌ಕೆ1. ಕೆಟ್ಟಾಗ ಉಲ್ಟಾ. ಯಾರು ಮೊದಲು ಎದ್ದರೋ ಅವರಿಗೆ ಸೊನ್ನೆ. ನಾನು ರೂಟ್ ಅಂದರೆ ಸೊನ್ನೆಯ ಎರಡನೇ ಪಾರ್ಟಿಷನ್ ಅಂತ ಬರೆದಿದ್ದೆ, ಇಎಂಎಂಸಿಯಲ್ಲಿ ಎರಡನೆಯದೇ ಇರಲಿಲ್ಲ. ಹೆಸರಿನ ಬದಲು ಪಾರ್ಟ್‌ಯುಯುಐಡಿ, ಅಂದರೆ ಆ ಪಾರ್ಟಿಷನ್ನಿನದೇ ಆದ ಗುರುತು, ಕೊಟ್ಟೆ. ಬಿಎಲ್‌ಕೆಐಡಿ ಆಜ್ಞೆ ಅದನ್ನು ತೋರಿಸುತ್ತದೆ. ಪಕ್ಕದಲ್ಲೇ ಬರೀ ಯುಯುಐಡಿ ಅಂತ ಇನ್ನೊಂದು ಉದ್ದದ್ದು ಇರುತ್ತದೆ, ಅದನ್ನು ಹಾಕಬೇಡಿ. ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗುವ ಮುಂಚೆ ಮೆಮೊರಿಯಲ್ಲಿ ಓಡುವ ಪುಟ್ಟ ವ್ಯವಸ್ಥೆ) ಇಲ್ಲದೆ ಬೂಟ್ ಮಾಡುವಾಗ ಈ ಎರಡರಲ್ಲಿ ಕರ್ನಲ್ಲಿಗೆ ಒಂಟಿಯಾಗಿ ಅರ್ಥವಾಗುವುದು ಪಾರ್ಟ್‌ಯುಯುಐಡಿ ಮಾತ್ರ.

ಇಷ್ಟೆಲ್ಲದರ ಮಧ್ಯೆ ಕಾರ್ಡುಗಳ ಕಥೆ ಬೇರೆ. ಮೂರು ಕಾರ್ಡ್ ಅಂದೆನಲ್ಲ, ಅದರಲ್ಲಿ ಒಂದು ನಿಜವಾಗಿಯೂ ಕೆಟ್ಟದ್ದೇ. ಲಾಗಿನಲ್ಲಿ ಎಂಎಂಸಿ0 ಎರರ್ ಮೈನಸ್ 110 ಅಂತ ಬರುತ್ತಿತ್ತು. 110 ಅಂದರೆ ಟೈಮ್‌ಔಟ್, ಕಾರ್ಡ್ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಎಫ್3 ಅನ್ನುವ ಪುಟ್ಟ ಸಾಫ್ಟ್‌ವೇರ್ ಇದೆ, ಕಾರ್ಡ್ ತುಂಬ ಬರೆದು ಮತ್ತೆ ಓದಿ ಹೋಲಿಸುತ್ತದೆ. ಮೇಲೆ 32 ಜಿಬಿ ಅಂತ ಅಚ್ಚಾಗಿದ್ದ ಆ ಕಾರ್ಡಿನಲ್ಲಿ ನಿಜಕ್ಕೂ ಉಳಿದದ್ದು 8 ಜಿಬಿ ಆಸುಪಾಸು. ಅದರಾಚೆ ಬರೆದದ್ದು ಗಾಳಿಗೆ. ಮೊದಲ ದಿನವೇ ಈ ಕಾರ್ಡ್ ಕೈಗೆ ಸಿಕ್ಕಿದ್ದರೆ ಕಾರ್ಡ್ ಸರಿಯಿಲ್ಲ ಅಂತ ತೀರ್ಮಾನ ಮಾಡಿ ಬೂಟ್ ಕಾಲಂ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ಕರೆಂಟಿನ ವಿಷಯವೂ ಅಷ್ಟೇ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ನಡೆಸುತ್ತಿದ್ದೆ, ಒಂದು ವೈಫೈ ಡಾಂಗಲ್ ಚುಚ್ಚಿದ ಮೇಲೆ ಬೂಟ್ ಮಧ್ಯದಲ್ಲೇ ರೀಸೆಟ್ ಆಗತೊಡಗಿತು. 5 ವೋಲ್ಟ್ 2 ಆಂಪಿಯರಿನ ಅಡಾಪ್ಟರನ್ನು ಗುಂಡು ಜ್ಯಾಕಿಗೆ ಹಾಕಿದ ಮೇಲೆ ಆ ಮಾತೇ ಇಲ್ಲ.

ಉಳಿದದ್ದು ಆ ಗುಂಡಿ. ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಯಾರು ಹೋಗಿ ಬೆರಳು ಇಡುತ್ತಾರೆ? ಹಳೇ ಯು-ಬೂಟ್ ಹೋಗಬೇಕು. ಕಾರ್ಡಿನಿಂದ ಬೂಟ್ ಮಾಡಿ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಕೊಟ್ಟು ನೋಡಿದೆ. ಇವೆರಡರಲ್ಲಿ ಯಾವುದು ಇಎಂಎಂಸಿ ಅಂತ ಅನುಮಾನ ಬಂದರೆ ಒಂದು ಸುಲಭದ ಗುರುತು: ಅದಕ್ಕೆ ಮಾತ್ರ ಬೂಟ್0, ಬೂಟ್1 ಅಂತ ಎರಡು ಮರಿಗಳು ಇರುತ್ತವೆ, ಕಾರ್ಡಿಗೆ ಇರುವುದಿಲ್ಲ. ಮೊದಲು ಇಡೀ 4 ಜಿಬಿಯನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಂಡೆ. ಆಮೇಲೆ ಡಿಡಿ ಆಜ್ಞೆ ಬಳಸಿ ಅದರ ಮೊದಲ 1 ಎಂಬಿಗೆ ಸೊನ್ನೆ ತುಂಬಿದೆ. ಹೆಸರನ್ನು ಮೂರು ಸಲ ಓದಿಯೇ ಎಂಟರ್ ಒತ್ತಿದ್ದು.

ಈಗ ಗುಂಡಿ ಬೇಡ. ಕರೆಂಟ್ ಕೊಟ್ಟರೆ ಇಎಂಎಂಸಿಯಲ್ಲಿ ಏನೂ ಸಿಗದೆ ತಾನಾಗೇ ಕಾರ್ಡಿಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಮೊದಲ ನೀಲಿ ದೀಪ ಮಿಣುಕಲು ಶುರು ಮಾಡುತ್ತದೆ. ಮೊನ್ನೆ ಕಾರ್ಡ್ ಹಾಕುವುದನ್ನೇ ಮರೆತು ಕರೆಂಟ್ ಕೊಟ್ಟಿದ್ದೆ. ಸೀರಿಯಲ್ ಕಡೆ ಕಣ್ಣು ಹೋಯ್ತು. ಸಿ, ಸಿ, ಸಿ, ಸಿ.