ಸಿಗರೇಟು ಬಿಟ್ಟ ಬಗೆ: ಗಮ್ಮಿನ ಲೆಕ್ಕ, ಕಾಫಿಯ ಲೆಕ್ಕ

ಬಿಡಬೇಕು ಎಂದುಕೊಂಡವರು ಮೊದಲು ಎಣಿಸುವುದು ದಿನಕ್ಕೆ ಎಷ್ಟು ಸೇದುತ್ತೇವೆ ಎಂಬುದನ್ನು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಬೆಳಿಗ್ಗೆ ಕಣ್ಣು ಬಿಟ್ಟ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ? ಅರ್ಧ ಗಂಟೆಯೊಳಗೆ ಅನ್ನುವುದಾದರೆ, ದಿನಕ್ಕೆ ಎಂಟೇ ಸೇದಿದರೂ ದೇಹ ನಿಕೋಟಿನ್ನಿಗೆ ಗಟ್ಟಿಯಾಗಿ ಒಗ್ಗಿದೆ ಎಂದರ್ಥ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಏಳೆಂಟು ಗಂಟೆ ಮಲಗಿ ಏಳುವಾಗ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಆ ಕೊರತೆಯನ್ನು ದೇಹ ಎಷ್ಟು ಹೊತ್ತು ತಡೆದೀತು ಎಂಬುದೇ ಚಟದ ನಿಜವಾದ ಅಳತೆ. ನಾನು ಹಲ್ಲುಜ್ಜುವ ಮೊದಲೇ ಹಚ್ಚುತ್ತಿದ್ದ ಗುಂಪಿನವನು, ಹಾಗಾಗಿ ಇಲ್ಲಿ ಬರೆದಿರುವುದು ಆ ಗುಂಪಿಗೆ ಹೊಂದುವ ಕ್ರಮ. ಊಟವಾದ ಮೇಲೆ ಒಂದೇ ಒಂದು ಸೇದುವವರಿಗೆ ಇದರಲ್ಲಿ ಅರ್ಧ ಬೇಕಾಗಲಾರದು.

‘ಮನಸ್ಸು ಗಟ್ಟಿ ಮಾಡಿಕೊಂಡರೆ ಆಯಿತು’ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಯಾವ ನೆರವೂ ಇಲ್ಲದೆ ಬಿಟ್ಟ ನೂರು ಜನರಲ್ಲಿ ಆರು ತಿಂಗಳು, ಒಂದು ವರ್ಷದ ಮೇಲೂ ಬಿಟ್ಟೇ ಇರುವವರು ಮೂರರಿಂದ ಐದು ಮಂದಿ ಮಾತ್ರ. ಉಳಿದ ತೊಂಬತ್ತೈದು ಮಂದಿಯ ಮನಸ್ಸೆಲ್ಲ ಸಡಿಲ ಎನ್ನಲಾಗದು. ಸಿಗರೇಟು ಎರಡು ಕೆಲಸ ಮಾಡುತ್ತಿರುತ್ತದೆ: ನಿಕೋಟಿನ್ ಕೊಡುತ್ತದೆ, ಜೊತೆಗೆ ಕೈಗೆ, ಬಾಯಿಗೆ, ಬಿಡುವಿಗೆ, ಕಾಫಿಗೆ ಒಂದು ಜೋಡಿಯಾಗಿರುತ್ತದೆ. ಎರಡನ್ನೂ ಒಂದೇ ದಿನ ಕಿತ್ತೆಸೆಯಲು ಹೋದಾಗ ಹೆಚ್ಚಿನವರು ಸೋಲುತ್ತಾರೆ. ನಾನು ನಿಕೋಟಿನ್ನನ್ನು ಬೇರೆ ದಾರಿಯಿಂದ ಕೊಡುತ್ತ, ಮೊದಲು ಜೋಡಿಗಳನ್ನು ಬಿಡಿಸಿ, ಆಮೇಲೆ ನಿಕೋಟಿನ್ ಇಳಿಸಿದೆ.

ಬಿಡುವ ಮೊದಲಿನ ವಾರ ಒಂದು ಚೀಟಿಯನ್ನು ಪ್ಯಾಕಿಗೇ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಪ್ರತಿ ಸಿಗರೇಟಿಗೂ ಮೂರು ವಿಷಯ ಬರೆಯಬೇಕು: ಹೊತ್ತು, ಜಾಗ, ಜೊತೆಗೆ ಏನಿತ್ತು. ವಾರದ ಕೊನೆಗೆ ನೋಡಿದರೆ ಅರ್ಧಕ್ಕರ್ಧ ನಾಲ್ಕೈದು ಸಂದರ್ಭಗಳಲ್ಲೇ ಬಿದ್ದಿರುತ್ತದೆ. ಕಾಫಿ, ಊಟದ ನಂತರ, ಬೆಳಗಿನ ಶೌಚ, ಫೋನಿನಲ್ಲಿ ಮಾತಾಡುತ್ತ ಅಡ್ಡಾಡುವಾಗ, ಕಚೇರಿಯಿಂದ ಹೊರಬಿದ್ದ ಕೂಡಲೇ. ಇವುಗಳಿಗೆ ಮಾತ್ರ ತಯಾರಿ ಬೇಕು.

ದಿನಕ್ಕೆ ಒಂದೊಂದೇ ಕಡಿಮೆ ಮಾಡುತ್ತ ಹೋಗುವ ದಾರಿಯನ್ನು ನಾನು ಹಿಡಿಯಲಿಲ್ಲ. ಇಪ್ಪತ್ತರಿಂದ ಎಂಟಕ್ಕೆ ಇಳಿಸಿದವನು ಆ ಎಂಟನ್ನು ಆಳವಾಗಿ, ಫಿಲ್ಟರಿನವರೆಗೂ ಎಳೆಯುತ್ತಾನೆ. ದೇಹ ತನ್ನ ಪಾಲನ್ನು ವಸೂಲು ಮಾಡಿಕೊಳ್ಳುತ್ತದೆ. ‘ಲೈಟ್ಸ್’ಗೆ ಬದಲಾಯಿಸಿದರೂ ಇದೇ ಕಥೆ: ಗಾಳಿ ಬೆರೆಸಿ ಹೊಗೆಯನ್ನು ತೆಳುವಾಗಿಸಲೆಂದು ಅದರ ಫಿಲ್ಟರಿನ ಸುತ್ತ ಇರುವ ಸಣ್ಣ ತೂತುಗಳನ್ನು ಬೆರಳೋ ತುಟಿಯೋ ಮುಚ್ಚಿಬಿಡುತ್ತದೆ. ಎರಡು ವಾರದೊಳಗಿನ ಒಂದು ದಿನ ಗೊತ್ತುಮಾಡಿ, ಆ ದಿನ ಪೂರ್ತಿ ನಿಲ್ಲಿಸುವುದೇ ಮೇಲು. ಹಿಂದಿನ ರಾತ್ರಿ ಲೈಟರು, ಆ್ಯಷ್‌ಟ್ರೇ, ಬೈಕಿನ ಡಿಕ್ಕಿಯಲ್ಲಿರುವ ಅರ್ಧ ಪ್ಯಾಕು ಎಲ್ಲ ಹೊರಗೆ ಹೋಗಬೇಕು. ಗೂಡಂಗಡಿಯ ಉದ್ರಿ ಲೆಕ್ಕ ಚುಕ್ತಾ ಆಗಬೇಕು. ಇದು ಸಣ್ಣ ವಿಷಯವಲ್ಲ. ಬಾಕಿ ಕೊಡಲು ಹೋದವನು ಬರಿಗೈಯಲ್ಲಿ ಬರುವುದು ಕಷ್ಟ.

ಇನ್ನು ಗಮ್. ನಿಕೋಟಿನ್ ಗಮ್ ನಮ್ಮಲ್ಲಿ 2 ಮತ್ತು 4 ಮಿಲಿಗ್ರಾಂನಲ್ಲಿ ಸಿಗುತ್ತದೆ. 2 ಮಿ.ಗ್ರಾಂ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುತ್ತಾರೆ, 4ಕ್ಕೆ ವೈದ್ಯರ ಚೀಟಿ ಬೇಕು. ಗಮ್ ಒಂದನ್ನೇ ನಂಬುವುದಾದರೆ, ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿ.ಗ್ರಾಂ. ಹೆಚ್ಚಿನವರು 2ರ ಪಟ್ಟಿ ತಂದು, ದಿನಕ್ಕೆ ಮೂರೋ ನಾಲ್ಕೋ ಅಗಿದು, ‘ಇದರಲ್ಲಿ ಏನೂ ಇಲ್ಲ’ ಎಂದು ಬಿಸಾಡುತ್ತಾರೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದು ಲೆಕ್ಕ. ದಿನಕ್ಕೆ ಒಂಬತ್ತಾದರೂ ಆಗಬೇಕು, ಇಪ್ಪತ್ತನಾಲ್ಕು ಮೀರಬಾರದು. ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಒಟ್ಟು ಹನ್ನೆರಡು ವಾರ.

ಅಗಿಯುವ ಕ್ರಮದಲ್ಲೇ ಅರ್ಧ ಜನ ಎಡವುತ್ತಾರೆ. ಚೂಯಿಂಗ್ ಗಮ್ಮಿನಂತೆ ಚಪ್ಪರಿಸಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗಿಳಿಯುತ್ತದೆ. ಅಲ್ಲಿಂದ ಹೀರಿಕೊಂಡದ್ದರಲ್ಲಿ ಬಹುಪಾಲನ್ನು ಲಿವರ್ ಒಡೆದುಹಾಕುತ್ತದೆ, ಉಳಿಯುವುದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ನಿಧಾನವಾಗಿ ಕೆಲವು ಸಲ ಅಗಿಯಬೇಕು. ಮೆಣಸಿನಂಥ ಚುರುಕು ತಾಗಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಇಡಬೇಕು. ಚುರುಕು ಅಡಗಿದ ಮೇಲೆ ಮತ್ತೆ ಎರಡು ಮೂರು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಹೋಗಬೇಕಾದದ್ದು ಕೆನ್ನೆಯ ಒಳಚರ್ಮದಿಂದ, ಮತ್ತು ಬಾಯಲ್ಲಿ ಹುಳಿ ಇದ್ದರೆ ಅದು ಒಳಹೋಗುವುದಿಲ್ಲ. ಗಮ್ ಹಾಕುವ ಮೊದಲಿನ ಹದಿನೈದು ನಿಮಿಷ ಮತ್ತು ಬಾಯಲ್ಲಿ ಇರುವಷ್ಟು ಹೊತ್ತು ಕಾಫಿ, ಜ್ಯೂಸು, ಸೋಡಾ ಬೇಡ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ನಮ್ಮ ಊಟಕ್ಕೆ ಅದನ್ನು ಹೊಂದಿಸಿಕೊಳ್ಳುವುದಾದರೆ ಹುಣಸೆ ಹಿಂಡಿದ ಸಾರು, ಮಜ್ಜಿಗೆ, ನಿಂಬೆ ಚಿತ್ರಾನ್ನ, ಉಪ್ಪಿನಕಾಯಿ ಎಲ್ಲವೂ ಹುಳಿಯೇ. ಮಜ್ಜಿಗೆ ಅನ್ನ ಉಂಡೆದ್ದು ಕೈ ತೊಳೆದ ತಕ್ಷಣ ಗಮ್ ಹಾಕಿದರೆ ದುಡ್ಡು ದಂಡ. ಬಾಯಿ ಮುಕ್ಕಳಿಸಿ, ಕಾಲು ಗಂಟೆ ಓಡಾಡಿ, ಆಮೇಲೆ ಹಾಕಬೇಕು.

ಇನ್ನೊಂದು ವಿಷಯ ವೇಗದ್ದು. ಸಿಗರೇಟಿನ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ಗಮ್ಮಿನದು ಪೂರ್ತಿ ಏರಲು ಇಪ್ಪತ್ತು ಮೂವತ್ತು ನಿಮಿಷ. ಹಾಗಾಗಿ ಚಡಪಡಿಕೆ ಬಂದ ಮೇಲೆ ಹುಡುಕುವ ವಸ್ತು ಇದಲ್ಲ, ಗಡಿಯಾರ ನೋಡಿ ತೆಗೆದುಕೊಳ್ಳುವ ಔಷಧಿ.

ನನಗೆ ಹೊಂದಿದ್ದು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚು ಮತ್ತು 2 ಮಿ.ಗ್ರಾಂ ಗಮ್ಮಿನ ಜೋಡಿ. ಪ್ಯಾಚು ದಿನವಿಡೀ ಒಂದು ಮಟ್ಟ ಕಾಯುತ್ತದೆ, ಅದರ ಮೇಲೂ ಏಳುವ ಚಡಪಡಿಕೆಯ ಅಲೆಗಳಿಗೆ, ಅವು ಬರುವ ಹೊತ್ತಿಗೆ ಮೊದಲೇ, ಗಮ್. ಒಂದೇ ಬಗೆಗಿಂತ ಎರಡು ಸೇರಿದಾಗ ಹೆಚ್ಚು ಜನ ಬಿಡುತ್ತಾರೆ ಎಂಬುದು ಅಧ್ಯಯನಗಳಲ್ಲಿ ಗಟ್ಟಿಯಾಗಿ ಕಂಡ ಸಂಗತಿ, ವೈದ್ಯರನ್ನು ಕೇಳಿಯೇ ಮಾಡಬೇಕು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ 21 ಮಿ.ಗ್ರಾಂ ಪ್ಯಾಚು ಆರು ವಾರ, ಆಮೇಲೆ 14 ಎರಡು ವಾರ, 7 ಎರಡು ವಾರ. ತೋಳು, ಎದೆಯ ಮೇಲ್ಭಾಗ, ಬೆನ್ನು, ಹೀಗೆ ಕೂದಲಿಲ್ಲದ ಒಣ ಚರ್ಮದ ಮೇಲೆ, ದಿನಕ್ಕೊಂದು ಹೊಸ ಜಾಗದಲ್ಲಿ ಅಂಟಿಸಿ ಹತ್ತು ಸೆಕೆಂಡು ಅಂಗೈಯಿಂದ ಒತ್ತಬೇಕು. ಕೊಬ್ಬರಿ ಎಣ್ಣೆ, ಬಾಡಿ ಲೋಷನ್ ಸವರಿದ ಮೈಗೆ ಅದು ನಿಲ್ಲುವುದಿಲ್ಲ. ಜಾಗ ತುಸು ಕೆಂಪಾಗುವುದು, ನವೆಯಾಗುವುದು ಸಾಮಾನ್ಯ. ಗುಳ್ಳೆ ಎದ್ದರೆ ನಿಲ್ಲಿಸಿ. ರಾತ್ರಿ ಅಂಟಿಸಿಕೊಂಡೇ ಮಲಗಿದರೆ ಕೆಲವರಿಗೆ ವಿಪರೀತ ಕನಸು ಬಿದ್ದು ನಿದ್ದೆ ಕೆಡುತ್ತದೆ. ಅಂಥವರು ಮಲಗುವಾಗ ತೆಗೆಯಬಹುದು, ಆದರೆ ಬೆಳಿಗ್ಗೆ ಎದ್ದ ಕೂಡಲೇ ದೇಹ ಬರಿದು. ಅದಕ್ಕೆ ನನ್ನ ಬೆಳಗಿನ ಕ್ರಮ ಹೀಗಿತ್ತು: ಎದ್ದು ಹೊಸ ಪ್ಯಾಚು, ಬಾಯಿ ಮುಕ್ಕಳಿಸಿ ಒಂದು ಗಮ್, ಅರ್ಧ ಗಂಟೆಯ ಮೇಲೆ ಕಾಫಿ. ತೆಗೆದ ಪ್ಯಾಚಿನಲ್ಲಿ ಇನ್ನೂ ನಿಕೋಟಿನ್ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ಎಸೆಯಿರಿ.

ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಇದನ್ನೆಲ್ಲ ತಾವಾಗಿ ಶುರುಮಾಡಬಾರದು. ಮಾತ್ರೆಯ ದಾರಿಯೂ ಇದೆ. ವರೆನಿಕ್ಲಿನ್ ಅನ್ನು ಬಿಡುವ ದಿನಕ್ಕೆ ಒಂದು ವಾರ ಮೊದಲೇ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ಹನ್ನೆರಡು ವಾರ ನುಂಗುತ್ತಾರೆ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಕರಿಕೆ. ಬುಪ್ರೋಪಿಯಾನ್ ಫಿಟ್ಸ್ ಇರುವವರಿಗೆ ಕೂಡದು. ಎರಡೂ ವೈದ್ಯರ ಚೀಟಿಯ ಮೇಲೆ ಮಾತ್ರ.

ಕಾಫಿಯ ಲೆಕ್ಕ ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಹೊಗೆಯಲ್ಲಿರುವ ಟಾರಿನ ಅಂಶಗಳು ಲಿವರಿನ ಒಂದು ಕಿಣ್ವವನ್ನು ಜೋರು ಮಾಡಿಟ್ಟಿರುತ್ತವೆ, ಕೆಫೀನನ್ನು ಕರಗಿಸುವುದು ಅದೇ ಕಿಣ್ವ. ಸೇದುವವನ ದೇಹದಲ್ಲಿ ಕಾಫಿ ಬೇಗ ಇಳಿಯುತ್ತದೆ, ಅದಕ್ಕೇ ಐದಾರು ಲೋಟ ಸಾಲದೆ ಬರುತ್ತದೆ. ಈ ಕೆಲಸ ನಿಕೋಟಿನ್ನಿನದಲ್ಲ, ಹೊಗೆಯದು. ಆದ್ದರಿಂದ ಗಮ್, ಪ್ಯಾಚು ಹಾಕಿಕೊಂಡಿದ್ದರೂ ಬಿಟ್ಟ ಕೆಲವೇ ದಿನಗಳಲ್ಲಿ ಕಿಣ್ವ ತಣ್ಣಗಾಗುತ್ತದೆ, ಮೊದಲಿನಷ್ಟೇ ಕಾಫಿ ಎರಡರಷ್ಟು ಹೊತ್ತು ಮೈಯಲ್ಲಿ ನಿಲ್ಲುತ್ತದೆ. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆಯಿಲ್ಲ, ಮನೆಯವರ ಮೇಲೆ ರೇಗಾಟ. ‘ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ’ ಎಂದು ಮತ್ತೆ ಹಚ್ಚುವವರಲ್ಲಿ ಎಷ್ಟೋ ಜನರದು ಅರ್ಧ ಕಾಫಿಯ ತೊಂದರೆ. ಬಿಟ್ಟ ದಿನದಿಂದಲೇ ಕಾಫಿ, ಟೀ ಅರ್ಧಕ್ಕಿಳಿಸಿ. ಸ್ಟ್ರಾಂಗ್ ಕುಡಿಯುವವರು ಬೈಟು ಹೇಳಿ, ಸಂಜೆ ಐದರ ಮೇಲೆ ಬೇಡ. ಇದೇ ಕಿಣ್ವದ ಕಾರಣಕ್ಕೆ ಉಬ್ಬಸದ ಥಿಯೋಫಿಲಿನ್, ಮನೋರೋಗದ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರು ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಡೋಸು ತಗ್ಗಿಸಬೇಕಾಗಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಸಕ್ಕರೆಯನ್ನು ಹೆಚ್ಚು ಸಲ ನೋಡಿಕೊಳ್ಳಬೇಕು.

ಕಾಫಿಯಿಂದ ಸಿಗರೇಟನ್ನು ಬೇರೆ ಮಾಡಲು ಜಾಗ ಬದಲಿಸುವುದೇ ಉಪಾಯ. ದರ್ಶಿನಿಯ ಹೊರಗೆ ಮರದಡಿ ನಿಂತು ಕುಡಿಯುತ್ತಿದ್ದವರು ಒಳಗೆ ಕುಳಿತು ಕುಡಿಯಿರಿ. ಸಿಗರೇಟು ಹಿಡಿಯುತ್ತಿದ್ದ ಕೈಯಲ್ಲೇ ಲೋಟ ಹಿಡಿಯಿರಿ. ಮೊದಲ ತಿಂಗಳು ಬಾರಿನ ಕಡೆ ಹೋಗದಿರುವುದು ಕ್ಷೇಮ. ಎರಡನೇ ಪೆಗ್ಗಿನ ಹೊತ್ತಿಗೆ ಪಕ್ಕದವನ ಪ್ಯಾಕು ತನ್ನದೇ ಅನ್ನಿಸುತ್ತದೆ.

ಮೊದಲ ಮೂರು ದಿನ ಕಷ್ಟ. ಚಡಪಡಿಕೆ, ಸಿಡುಕು, ಗಮನ ನಿಲ್ಲದಿರುವುದು ಆಗ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಒಂದೊಂದು ಅಲೆಯ ಆಯುಷ್ಯ ಮೂರರಿಂದ ಐದು ನಿಮಿಷ. ಆ ಹೊತ್ತಿಗೆ ಕೈಗೂ ಬಾಯಿಗೂ ಕೆಲಸ ಬೇಕು: ಸಿಪ್ಪೆಯಿರುವ ಕಡಲೆಕಾಯಿ ಬಿಡಿಸುವುದು, ಏಲಕ್ಕಿ, ಲವಂಗ, ಸೋಂಪು, ಒಂದು ಲೋಟ ತಣ್ಣೀರು ಗುಟುಕರಿಸುವುದು, ಎರಡು ಮಹಡಿ ಹತ್ತಿ ಇಳಿಯುವುದು. ಎಲೆಅಡಿಕೆ, ಕಡ್ಡಿಪುಡಿ, ಗುಟ್ಕಾದ ಕಡೆ ವಾಲಬೇಡಿ. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ. (ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಯಾರಿಗೂ ಹಿಡಿಸದು, ಗೊತ್ತು.) ಇ-ಸಿಗರೇಟು ಬೇಡ, 2019ರಿಂದ ದೇಶದಲ್ಲಿ ಅದರ ಮಾರಾಟವೇ ನಿಷಿದ್ಧ.

ಅಯ್ಯಪ್ಪ ಮಾಲೆ ಹಾಕಿದವರನ್ನು ನೋಡಿ. ವ್ರತದ 41 ದಿನ ಸಿಗರೇಟು ಮುಟ್ಟದವರು ಎಷ್ಟೋ ಮಂದಿ. ಅಷ್ಟರಲ್ಲಿ ನಿಕೋಟಿನ್ನಿನ ತಗಾದೆ ಮುಗಿದೇ ಹೋಗಿರುತ್ತದೆ. ಆದರೂ ಮಾಲೆ ತೆಗೆದ ಮಾರನೆಯ ದಿನ ಗೂಡಂಗಡಿ ಮುಂದೆ ಇರುತ್ತಾರೆ, ಏಕೆಂದರೆ ವ್ರತದಲ್ಲಿ ಊಟ, ಸ್ನಾನ, ಸ್ನೇಹಿತರು ಎಲ್ಲ ಬದಲಾಗಿತ್ತು, ಈಗ ಹಳೆಯ ಕಾಫಿ, ಹಳೆಯ ಕಟ್ಟೆ ಮರಳಿದೆ. ಮಾಲೆ ಹಾಕುವವರಿಗೆ ನಾನು ಹೇಳುವುದಿಷ್ಟೇ: ಕಷ್ಟದ ಭಾಗ ಮುಗಿಸಿದ್ದೀರಿ, ಮುಂದಿನ ಒಂದು ತಿಂಗಳು ಕಟ್ಟೆಗೆ ಹೋಗಬೇಡಿ.

ನಡುವೆ ಒಂದು ಸೇದಿಬಿಟ್ಟರೆ ಪ್ಯಾಚು ಕಿತ್ತು ಹಾಕಬೇಕಿಲ್ಲ, ಅದು ಮೈಮೇಲೇ ಇರಲಿ. ಅಂದೇ ನಿಲ್ಲಿಸಿ, ಚೀಟಿಯಲ್ಲಿ ಸಂದರ್ಭ ಬರೆದು, ಗಮ್ಮಿನ ಅಂತರ ಕಡಿಮೆ ಮಾಡಿ. ಹೆಚ್ಚಾಗಿ ಗಮ್ ತಪ್ಪಿದ ಹೊತ್ತಿನಲ್ಲೇ ಹೀಗಾಗಿರುತ್ತದೆ. ಪ್ಯಾಕು ಮಾತ್ರ ಕೊಳ್ಳಬೇಡಿ. ಬಿಡಿ ಸಿಗರೇಟು ಮಾರುವುದು ಕರ್ನಾಟಕದಲ್ಲಿ ನಿಷಿದ್ಧ, ಆದರೂ ಕೇಳಿದರೆ ಸಿಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮಾತಾಡಲು ಯಾರಾದರೂ ಬೇಕೆನಿಸಿದರೆ ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಬಿಟ್ಟ ಮೇಲೆ ಮೈ ಕೆಲವು ದಿನ ಹದಗೆಟ್ಟಂತೆ ಕಾಣುತ್ತದೆ. ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸ ಶುರುಮಾಡುವುದರಿಂದ ಕೆಮ್ಮು, ಕಫ ಹೆಚ್ಚಬಹುದು. ತಿಂಗಳು ದಾಟಿದರೂ ಹೋಗದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಾಯಿಹುಣ್ಣು ಒಂದೆರಡು ವಾರ. ಮಲಬದ್ಧತೆಗೆ ರಾತ್ರಿ ನೆನೆಸಿದ ಒಣದ್ರಾಕ್ಷಿ, ಸೊಪ್ಪು, ಹೆಚ್ಚು ನೀರು. ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ತೂಕ ಏರುತ್ತದೆ, ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ. ನಿಕೋಟಿನ್ ಹಸಿವನ್ನು ಅದುಮಿಟ್ಟು ದೇಹದ ಉರುವಲು ಖರ್ಚನ್ನು ಏರಿಸಿಟ್ಟಿತ್ತು, ಈಗ ಎರಡೂ ಇಲ್ಲ. ಆಗಲೇ ಪಥ್ಯಕ್ಕೆ ಇಳಿಯಬೇಡಿ, ಹಸಿದಾಗ ಸಿಗರೇಟಿನ ಆಸೆ ಇನ್ನೂ ಜೋರು. ಸಂಜೆಯ ಬೋಂಡ, ಸಿಹಿ ಇಷ್ಟನ್ನು ಮಾತ್ರ ಹಿಡಿತದಲ್ಲಿಟ್ಟು ನಡೆಯಿರಿ. ಹೃದ್ರೋಗದ ಹೆಚ್ಚುವರಿ ಅಪಾಯ ಒಂದು ವರ್ಷಕ್ಕೆ ಅರ್ಧಕ್ಕಿಳಿಯುವುದರ ಮುಂದೆ ಆ ಕಿಲೋಗಳು ಲೆಕ್ಕಕ್ಕಿಲ್ಲ.

ಗಮ್ ಬಿಡುವುದೇ ಕೆಲವರಿಗೆ ಕಷ್ಟ. ಕೊನೆಯ ವಾರಗಳಲ್ಲಿ ಒಂದನ್ನು ಬ್ಲೇಡಿನಿಂದ ಅರ್ಧ ಮಾಡಿ, ಒಂದು ಸಲ ಅದು, ಮುಂದಿನ ಸಲ ಸಕ್ಕರೆಯಿಲ್ಲದ ಮಾಮೂಲಿ ಗಮ್ ಎಂದು ಬದಲಾಯಿಸುತ್ತ ಹೋದರೆ ಸಲೀಸು. ಮೂರು ತಿಂಗಳ ಮೇಲೂ ಬೇಕೆನಿಸಿದರೆ ವೈದ್ಯರನ್ನು ಕೇಳಿ ಮುಂದುವರಿಸಿ, ಸಿಗರೇಟಿಗೆ ಮರಳುವುದಕ್ಕಿಂತ ಅದು ಎಷ್ಟೋ ವಾಸಿ. ಈ ಹೊತ್ತಿಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಕಂಡರೆ ಗಾಬರಿ ಬೇಡ. ಸೇದುವಾಗ ವಸಡಿಗೆ ರಕ್ತ ಕಡಿಮೆ ಹರಿದು, ಒಳಗಿನ ರೋಗ ಮರೆಯಾಗಿತ್ತು, ಹರಿವು ಮರಳಿದ ಮೇಲೆ ಅದು ಕಾಣಿಸಿಕೊಂಡಿದೆ. ದಂತವೈದ್ಯರಲ್ಲಿ ಹಲ್ಲು ಸ್ವಚ್ಛ ಮಾಡಿಸಿ, ಮಾಡಿಸುವಾಗ ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ ಎಂದು ನೋಡಲು ಹೇಳಿ.